ಕರಿ ರಟ್ಟಿನ ಪುರಾಣದ ಕೊನೆಯ ಹಾಳೆ

ಗೋಡೆವರ್ಷ ಎಂಬತ್ತೊಂದು, ಉರಿಮಾಸದ ನಲವತ್ತೊಂದನೆಯ ದಿನ
ಒಳಸಾಲು, ಗದಗ

ಮುತ್ತಜ್ಜಿ ಮಹಾನಂದಾ ಅವರಿಗೆ ಸೋನವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ಕೆಲಸವಿಲ್ಲದವರು ತಮಾಷೆ ಮಾಡಿದ್ದಾರೆ ಎಂದು ಈ ಹಾಳೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನೂರ ಎಪ್ಪತ್ಮೂರನೆಯ ಇಸವಿ. ಹಗಲಿನಲ್ಲಿ ಯಾರೂ ಹೊರಗೆ ಕಾಲಿಡಲಾಗದ ಅರವತ್ತು ದಿನಗಳನ್ನು ಬೇರೆ ಮಾಡಿ ನಾವು ಉರಿಮಾಸ ಎಂದು ಕರೆಯುತ್ತೇವೆ. ನಾನು ನಿಮ್ಮ ಮಗಳ ಮಗಳ ಮಗಳ ಮಗಳ ಮಗಳು. ನನ್ನ ಮಾತಿನಲ್ಲಿ ಅಲ್ಲಲ್ಲಿ ತಲೆಬುಡ ತಿಳಿಯದ ಶಬ್ದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ನನ್ನ ಮೂರನೆಯ ಹಿಂದೋಲೆ. ಹಿಂದೋಲೆ ಎಂದರೆ ಕಳೆದ ಕಾಲಕ್ಕೆ ಹೋಗುವ ಪತ್ರ. ಒಬ್ಬರಿಗೆ ಜೀವಮಾನದಲ್ಲಿ ಮೂರೇ ಸಿಗುತ್ತವೆ. ಮೊದಲೆರಡು ನಿಮ್ಮ ಕೈ ಸೇರಲಿಲ್ಲ. ಸೇರಿದ್ದರೆ ಮೂರನೆಯದನ್ನು ಬರೆಯುವ ಪಾಡು ನನಗೆ ಬರುತ್ತಿರಲಿಲ್ಲ.

ಇ-ರೀಡರ್ ಕೊಳ್ಳಬೇಕೋ ಬೇಡವೋ ಎಂದು ನೀವು ಎರಡು ತಿಂಗಳಿಂದ ಯೋಚಿಸುತ್ತಿದ್ದೀರಿ. ನಿಮ್ಮ ಮಗಳು ಸುನಂದಾ ಹೇಳಿದ ಕತೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದು ಉಳಿದಿರುವುದರಿಂದ ನನಗೆ ಇದೆಲ್ಲ ಗೊತ್ತು. ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತರಾದ ಮೇಲೆ ಮನಸಾರೆ ಓದಬೇಕೆಂದುಕೊಂಡಿರಿ. ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆದಮೇಲೂ ಸಣ್ಣ ಅಕ್ಷರ ಹತ್ತುವುದಿಲ್ಲ. ಫೋನಿನಲ್ಲಿ ಓದಿದರೆ ಹತ್ತೇ ನಿಮಿಷಕ್ಕೆ ಕಣ್ಣಲ್ಲಿ ನೀರು, ನಡುನಡುವೆ ಬೀಗರು ಕಳಿಸುವ ಶುಭೋದಯದ ಗುಲಾಬಿ ಹೂವು. ಯಜಮಾನರು ತೀರಿಕೊಂಡ ಮೇಲೆ ಎರಡು ಕೋಣೆಯ ಫ್ಲಾಟಿಗೆ ಬಂದಿದ್ದೀರಿ. ನಾಲ್ಕು ಕಪಾಟು ಪುಸ್ತಕ ಗೋಡೆಯನ್ನೆಲ್ಲ ನುಂಗಿ ಕೂತಿವೆ. ಓದುವುದನ್ನು ಬಿಟ್ಟರೆ ಬೇರೇನೂ ಮಾಡಲು ಬಾರದ ಹಲಗೆ ಯಾತಕ್ಕೆ, ಇದ್ದ ಫೋನೇ ಸಾಲದೇ ಎಂದು ಒಂದು ದಿನ. ಅಕ್ಷರ ದೊಡ್ಡದಾಗುತ್ತದಲ್ಲ, ಬೆಳಕು ಕಣ್ಣಿಗೆ ಚುಚ್ಚುವುದಿಲ್ಲವಲ್ಲ ಎಂದು ಮರುದಿನ.

ಕೊಳ್ಳಿ ಮುತ್ತಜ್ಜಿ. ನಿಮ್ಮನ್ನು ತಡೆಯಲು ನಾನು ಬರೆಯುತ್ತಿಲ್ಲ. ಕಣ್ಣು ಸೋತ ಹೆಂಗಸು ಮತ್ತೆ ಓದಿದರೆ ಯಾರ ಗಂಟು ಹೋಗುತ್ತದೆ? ಅದರಲ್ಲಿ ನೀವು ಹನ್ನೆರಡು ವರ್ಷ ಓದಿದಿರಂತೆ, ಸಂತೋಷಪಟ್ಟಿರಂತೆ. ಅದು ಸುಳ್ಳಲ್ಲ.

ತಪ್ಪಾದದ್ದು ಆಮೇಲೆ. ನೀವು ಅಜಾಗರೂಕರಲ್ಲ, ಅದೇ ನನ್ನ ಹೊಟ್ಟೆ ಉರಿಸುವ ಸಂಗತಿ. ಒಂದೊಂದು ಪುಸ್ತಕದ ಹೆಸರನ್ನೂ ಪಟ್ಟಿ ಮಾಡಿ, ಹಲಗೆಯಲ್ಲಿ ಅದು ಸಿಗುತ್ತದೆಯೇ ಎಂದು ಹುಡುಕಿ, ಸಿಕ್ಕಿದ್ದಕ್ಕೆ ಪರೀಕ್ಷೆಯ ಪೇಪರಿಗೆ ಹಾಕಿದಂತೆ ಕೆಂಪು ಗುರುತು ಹಾಕಿದಿರಿ. ಗುರುತು ಬಿದ್ದದ್ದನ್ನೆಲ್ಲ ರದ್ದಿಯವನಿಗೆ ಕೊಟ್ಟಿರಿ. ಕರಿ ರಟ್ಟಿನ ಪುರಾಣವೂ ಸಿಕ್ಕಿತ್ತು, ಅದೂ ಹೋಯಿತು. ಆದರೆ ನಿಮ್ಮ ಮನೆಯಲ್ಲಿ ಕೂಸಿಗೆ ಹೆಸರಿಟ್ಟ ದಿನ ಆ ಪುರಾಣವನ್ನು ಕೆಳಗಿಳಿಸಿ, ಕೊನೆಯ ಖಾಲಿ ಹಾಳೆಯಲ್ಲಿ ಹೆಸರು, ವಾರ, ತಾಸು, ಊರು ಬರೆಯುವ ವಾಡಿಕೆಯಿತ್ತು. ನಿಮ್ಮ ಮಾವನವರ ಹೆಸರು, ಯಜಮಾನರ ಹೆಸರು, ಅದರ ಕೆಳಗೆ ಯಜಮಾನರೇ ಹಸಿರು ಮಸಿಯಲ್ಲಿ ಬರೆದ ಸುನಂದಾಳ ಹೆಸರು. ಹಲಗೆಯಲ್ಲಿ ಸಿಕ್ಕ ಪುರಾಣ ಮಂಗಳಕ್ಕೆ ಮುಗಿಯುತ್ತದೆ. ಅದಕ್ಕೆ ಖಾಲಿ ಹಾಳೆ ಇಲ್ಲ. ಮೂರು ವರ್ಷದ ನಂತರ ಮೊಮ್ಮಗಳ ಹೆಸರು ಬರೆಯಲು ಪೆನ್ನು ಹಿಡಿದು ಎದ್ದಿರಿ, ಕಪಾಟಿದ್ದ ಜಾಗದ ಮುಂದೆ ನಿಂತುಬಿಟ್ಟಿರಿ. ಅವತ್ತು ನೀವು ಉಣ್ಣಲಿಲ್ಲವಂತೆ.

ಇನ್ನು ನಮ್ಮ ಸುದ್ದಿ. ಊರ ಸುತ್ತ ಗೋಡೆ ಎದ್ದು ಎಂಬತ್ತೊಂದು ವರ್ಷವಾಯಿತು. ಒಳಗಿನ ಮನೆಗಳು ಒಳಸಾಲು. ಇಲ್ಲಿ ನೆಲದಡಿ ತಂಪುಕೊಳವೆ ಹರಿಯುತ್ತದೆ, ಅದರ ಮೇಲೆ ಚಾಪೆ ಹಾಸಿ ಹಗಲು ಮಲಗುತ್ತೇವೆ. ಬೆಳಕು ಹರಿಯುವ ಮೊದಲು ನೀರು ತುಂಬಿಕೊಂಡು, ಕಳ್ಳಿಹಿಟ್ಟಿನ ರೊಟ್ಟಿ ಬಡಿದು ಕೆಲಸ ಮುಗಿಸುತ್ತೇವೆ. ನಾನು ಕಾಗದದ ಮನೆಯಲ್ಲಿ ಹರಿದ ಹಾಳೆಗಳಿಗೆ ಗಂಜಿ ಹಚ್ಚಿ ತೇಪೆ ಹಾಕುವವಳು. ಆಚೆ ಇರುವುದು ಹೊರಸಾಲು: ತಗಡಿನ ಕೋಣೆಗಳು, ಕೊಳವೆ ಇಲ್ಲ. ಕೊಳವೆಯ ನೀರು ತಗ್ಗಿದಾಗಲೆಲ್ಲ ಚೀಟಿ ಎತ್ತಿ, ಹೆಸರು ಬಂದವರನ್ನು ನೆಲಸಾಕ್ಷಿ ಕೇಳುತ್ತಾರೆ. ಗೋಡೆಗೆ ಮುಂಚೆ ಮೂರು ತಲೆಮಾರು ಇದೇ ಊರಿನಲ್ಲಿ ಹುಟ್ಟಿತ್ತು ಎಂಬುದಕ್ಕೆ ಆ ಕಾಲದ ಕೈಬರಹ ತೋರಿಸಬೇಕು, ಇಲ್ಲದಿದ್ದರೆ ಹೊರಸಾಲಿಗೆ ಹೋಗಬೇಕು. ಕಂಪ್ಯೂಟರಿನ ತೆರೆಗಳ ಮೇಲಿದ್ದ ಹುಟ್ಟಿನ ಪಟ್ಟಿಗಳನ್ನು ಹಿಂದೊಮ್ಮೆ ಯಾರೋ ರಾತ್ರೋರಾತ್ರಿ ತಿದ್ದಿದ್ದರಿಂದ, ಈಗ ಮಸಿ ಹತ್ತಿದ ಕಾಗದವನ್ನು ಬಿಟ್ಟು ಬೇರೇನನ್ನೂ ನಂಬುವುದಿಲ್ಲ. ಪಕ್ಕದ ಮನೆಯವರು ಎಣ್ಣೆ ಜಿಡ್ಡು ಹತ್ತಿದ ಒಂದು ಪಂಚಾಂಗ ತೋರಿಸಿ ಉಳಿದುಕೊಂಡರು. ಹೋದ ವರ್ಷ ನನ್ನ ತಂಗಿಯ ಚೀಟಿ ಬಂತು. ಅವಳು ಹೊರಸಾಲಿಗೆ ಹೋದಳು. ಉರಿಮಾಸದ ಒಂಬತ್ತನೆಯ ದಿನ ಅವಳ ಕೂಸು ತೀರಿಕೊಂಡಿತು.

ಈ ವರ್ಷ ಬಂದದ್ದು ನನ್ನ ಮಗಳು ತಂಗಾಳಿಯ ಚೀಟಿ. ಅವಳು ಈಗ ಎಂಟು ತಿಂಗಳ ಬಸುರಿ.

ನಿಮ್ಮ ಓದುಹಲಗೆ ನಮ್ಮಲ್ಲಿದೆ. ಮೊಮ್ಮಗಳ ಹೆಸರನ್ನು ನೀವು ಕೊನೆಗೆ ಅದರೊಳಗೇ ಬರೆದಿಟ್ಟಿರಂತೆ. ಅದನ್ನು ಮಾಡಿದ ಕಂಪನಿ ಹೋಗಿ ನೂರು ವರ್ಷ ದಾಟಿದೆ, ಹಲಗೆ ಹತ್ತುವುದಿಲ್ಲ. ಆದರೂ ಹುಚ್ಚು ಆಸೆಯಿಂದ ಒರೆಸಿ, ಸೆರಗಿನಲ್ಲಿ ಸುತ್ತಿಕೊಂಡು, ನೆಲಸಾಕ್ಷಿ ನೋಡುವ ಸಾಕ್ಷಿಕಟ್ಟೆಗೆ ಹೋದೆ. ಅಲ್ಲಿನ ಮುದುಕ ಕೆಟ್ಟವನಲ್ಲ. ತಿರುಗಿಸಿ ಮುರುಗಿಸಿ ನೋಡಿ, ನನ್ನ ಮುಖ ನೋಡಲಾರದೆ ಹೇಳಿದ: “ಯವ್ವಾ, ಇದು ಬರೇ ಕರೀ ಗಾಜು. ನಿಮ್ಮವರು ಒಂದು ಸಾಲರೆ ಕೈಲೆ ಬರದಿಡಲಿಲ್ಲೇನು?”

ಬರೆದಿಟ್ಟಿದ್ದರು, ಅದು ರದ್ದಿಗೆ ಹೋಯಿತು. ಹಲಗೆಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಹೊರಟೆ. ನಿಮ್ಮ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ದಾರಿಯುದ್ದಕ್ಕೂ ನಿಮ್ಮನ್ನು ಬೈದೆ. ಮನೆಗೆ ಬಂದು ಅತ್ತೆ. ತಂಗಾಳಿ ನನ್ನನ್ನು ಸಮಾಧಾನ ಮಾಡಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದೇ ಮಾತು ಕೇಳಿದಳು: “ಅವ್ವಾ, ನನ್ನ ಕೂಸಿನ ಹೆಸರು ಎಲ್ಲಿ ಬರೀತಿ?”

ಆದ್ದರಿಂದ ಮುತ್ತಜ್ಜಿ, ಹಲಗೆ ಕೊಳ್ಳಿ, ಪಟ್ಟಿ ಮಾಡಿ, ಕೆಂಪು ಗುರುತನ್ನೂ ಹಾಕಿ. ರದ್ದಿಯವನನ್ನು ಕರೆಯುವ ಮೊದಲು ಒಂದೊಂದೇ ಪುಸ್ತಕವನ್ನು ಹಿಂದಿನಿಂದ ತೆರೆದು ನೋಡಿ. ಮೂರನೆಯ ಕಪಾಟಿನ ಕೆಳಗಿನ ಸಾಲು, ಎಡಗಡೆಯಿಂದ ಎರಡನೆಯದು. ಹಸಿರು ಮಸಿ ಕಂಡರೆ ಅದನ್ನು ಸೀರೆಗಳ ಟ್ರಂಕಿನಲ್ಲಿಡಿ. ನಾಲ್ಕು ಕಪಾಟಿನಲ್ಲಿ ನಾನು ಕೇಳುತ್ತಿರುವುದು ಅದೊಂದನ್ನೇ.

ನಾಡಿದ್ದು ಮುಂಜಾನೆ ಅವರು ತಂಗಾಳಿಯನ್ನು ಕರೆದೊಯ್ಯಲು ಬಾಗಿಲಿಗೆ ಬರುತ್ತಾರೆ. ಈ ಓಲೆ ನಿಮಗೆ ತಲುಪಿ, ನೀವು ಪುರಾಣ ಉಳಿಸಿಕೊಂಡಿದ್ದರೆ, ನಾನು ಇದನ್ನು ಬರೆಯುವ ಕಾರಣವೇ ಇರುವುದಿಲ್ಲ. ಬರೆದ ನೆನಪೂ ನನಗೆ ಇರುವುದಿಲ್ಲ. ಅವತ್ತು ಎದ್ದಕೂಡಲೇ ಚಾಪೆಯ ಮೇಲೆ ಕೂತು ನೆನಪು ಮಾಡಿಕೊಂಡು ನೋಡುತ್ತೇನೆ. ಇದರ ಒಂದು ಮಾತಾದರೂ ನೆನಪಿಗೆ ಬಂದರೆ, ಮಗಳನ್ನು ಎಬ್ಬಿಸಿ ಗಂಟು ಕಟ್ಟುತ್ತೇನೆ.

ನಾನು ಇದನ್ನು ಮರೆಯುವ ಹಾಗೆ ಮಾಡಿ, ಮುತ್ತಜ್ಜಿ.

ನಿಮ್ಮ
ಸೋನವ್ವ