ಕ್ರೈಡರ್ ಐದು ಸಾವಿರ

ಏಪ್ರಿಲ್ ೬, ೧೯೬೩. ಶನಿವಾರ

ನಲವತ್ತು ತೋಟಾಗಳ ಕುತ್ತಿಗೆ ಒತ್ತಿದೆ. ಏಳು ಸೀಳಿದವು. ಈ ಸಲದ ಹಿತ್ತಾಳೆಯೇ ಸರಿ ಇಲ್ಲ. ಕಾಯಿಸಿ ತಣಿಸಿದರೂ ಗಡಸು. ಜಿಂಕೆ ಹೊಡೆಯುವ ದೊಡ್ಡ ತೋಟಾದ ಬಾಯಿಯನ್ನು ಪೆನ್ಸಿಲಿಗಿಂತ ಸಣ್ಣದು ಮಾಡಬೇಕೆಂದರೆ ಮೂರು ಅಚ್ಚು, ಮೂರು ಸಲ ಎಣ್ಣೆ, ಮೂರು ಸಲ ಒರೆಸುವ ಕೆಲಸ. ಯಾವ ಕಂಪನಿಯೂ ಮಾಡುವುದಿಲ್ಲ. ನಮ್ಮಂಥವರು ಮನೆಯ ಹಿಂದಿನ ಶೆಡ್ಡಿನಲ್ಲಿ ಮಾಡಿಕೊಳ್ಳಬೇಕು. ಅದಕ್ಕೇ ಇವಕ್ಕೆ ಕಾಡುಬೆಕ್ಕು ಅನ್ನುತ್ತಾರೆ — ಅಪ್ಪ ಯಾರೋ, ಅಮ್ಮ ಯಾರೋ. ನನ್ನದಕ್ಕೆ ಅಪ್ಪ ಯಾರೆಂದು ರೈಫಲ್ಲಿನ ಬ್ಯಾರೆಲ್ ಮೇಲೇ ನನ್ನ ಹೆಸರು ಒತ್ತಿದ್ದೇನೆ: ಕ್ರೈಡರ್ ಐದು ಸಾವಿರ.

ಗುಂಡಿನ ವೇಗ ಸೆಕೆಂಡಿಗೆ ಐದು ಸಾವಿರ ಅಡಿ. ಪೆನ್ಸಿಲ್ವೇನಿಯಾದಲ್ಲೇ ಯಾರೂ ಅಲ್ಲಿಗೆ ಮುಟ್ಟಿರಲಿಲ್ಲ. ಪತ್ರಿಕೆಯವರು ಫೋಟೋ ಸಮೇತ ಹಾಕಿದ್ದರು. ಹೆಂಡತಿ ವರ್ನಾ ಆ ಪುಟಕ್ಕೆ ಕಟ್ಟು ಹಾಕಿಸಲಿಲ್ಲ. ಅವಳ ತಮ್ಮನ ಕಣ್ಣು ಹೋದ ಮೇಲಂತೂ ಈ ವಿಷಯ ಊಟದ ಮೇಜಿಗೆ ಬರುವಂತಿಲ್ಲ.

ಸಂಜೆ ರೈಫಲ್ ಕ್ಲಬ್ ಸಭೆ. ಗುರಿ ಅಭ್ಯಾಸದ ರೇಂಜಿನಲ್ಲಿ ಗುಂಡಿನ ವೇಗ ಅಳೆಯುವ ಎರಡು ಮರದ ಕಂಬಗಳ ಬುಡ ಕೊಳೆತಿದೆಯಂತೆ. ಕಬ್ಬಿಣದ್ದು ಹಾಕಿ, ಬುಡಕ್ಕೆ ಕಾಂಕ್ರೀಟ್ ಸುರಿಯಬೇಕು. ಅಧ್ಯಕ್ಷ ಉಮ್‌ಹೋಲ್ಟ್ಸ್ ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು. ಹನ್ನೊಂದು ಜನ ಗಂಡಸರಿದ್ದಾರೆ, ಸಲಿಕೆ ಹಿಡಿಯಲು ಅರವತ್ತೊಂದರ ಮುದುಕ.

ಏಪ್ರಿಲ್ ೨೦. ಮಧ್ಯಾಹ್ನ

ಕಂಬ ಕೀಳುವ ಮೊದಲು ಅಳತೆ ಗುರುತು ಮಾಡಿಕೊಳ್ಳೋಣ ಅಂತ ಟೇಪ್ ಹಿಡಿದೆ.

ಒಂಬತ್ತು ಅಡಿ.

ಮತ್ತೆ ಹಿಡಿದೆ. ಒಂಬತ್ತು. ಕಾರಿನಿಂದ ಇನ್ನೊಂದು ಟೇಪ್ ತಂದು ಹಿಡಿದೆ. ಒಂಬತ್ತು.

ಹತ್ತು ಇರಬೇಕು. ಗುಂಡು ಮೊದಲ ಕಂಬದ ತಂತಿ ಹರಿದಾಗ ಯಂತ್ರದ ಗಡಿಯಾರ ಶುರು, ಎರಡನೆಯದನ್ನು ಹರಿದಾಗ ಬಂದ್. ನಡುವೆ ಹತ್ತು ಅಡಿ ಇದೆ ಅಂತ ನಂಬಿಕೊಂಡು ವೇಗ ಲೆಕ್ಕ ಹಾಕುವುದು. ದಾರಿ ಒಂದಡಿ ಕಮ್ಮಿಯಾದರೆ ಗುಂಡು ಬೇಗ ಮುಟ್ಟುತ್ತದೆ, ನಮಗೆ ಅದು ಓಟ ಜೋರಾದ ಹಾಗೆ ಕಾಣುತ್ತದೆ. ಹತ್ತರಲ್ಲಿ ಒಂದು ಪಾಲು ಸುಳ್ಳು. ಐದು ಸಾವಿರದಲ್ಲಿ ಐನೂರು ಸುಳ್ಳು.

ನಾಲ್ಕು ಸಾವಿರದ ಐನೂರು. ಅಷ್ಟನ್ನು ಓಹಿಯೋದ ರೈತರೂ ಮಾಡುತ್ತಾರೆ.

ಅದೇ ದಿನ, ಸಂಜೆ ಐದು

ಹೇಗಾಯಿತೆಂದು ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು ನಾನು. ಟೇಪಿನ ತುದಿಯ ಕೊಕ್ಕೆ ಸವೆದಿರುತ್ತದೆ, ಅದನ್ನು ನಂಬಬಾರದು. ಒಂದಡಿಯ ಗೆರೆಯಿಂದ ಶುರು ಮಾಡು, ಕೊನೆಯಲ್ಲಿ ಆ ಒಂದಡಿ ಕಳೆ — ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಹೇಳಿಕೊಟ್ಟಿದ್ದೇನೆ. ಐವತ್ತೈದರಲ್ಲಿ ಕಂಬ ನೆಟ್ಟ ದಿನ ಒಬ್ಬನೇ ಇದ್ದೆ. ಒಂದರ ಗೆರೆಯನ್ನು ಮೊದಲ ಕಂಬದ ಮೊಳೆಗೆ ಸಿಕ್ಕಿಸಿದೆ. ಹನ್ನೊಂದರ ಗೆರೆಯಲ್ಲಿ ಗುಂಡಿ ತೋಡಬೇಕಿತ್ತು. ಹತ್ತರಲ್ಲಿ ತೋಡಿದೆ. ಕೊಕ್ಕೆ ನಂಬುವ ದಡ್ಡನಾಗಿದ್ದರೆ ಕೂದಲೆಳೆಯಷ್ಟು ತಪ್ಪುತ್ತಿತ್ತು. ಜಾಣನಾದ್ದರಿಂದ ಪೂರ್ತಿ ಒಂದಡಿ ತಪ್ಪಿತು.

ಎಂಟು ವರ್ಷ ಯಾರೂ ಅಳೆಯಲಿಲ್ಲ. ಕ್ರೈಡರ್ ಅಳೆದದ್ದನ್ನು ಯಾರು ಅಳೆಯುತ್ತಾರೆ.

ಅಳೆಯಿರಿ ಎಂದವನು ಒಬ್ಬನಿದ್ದ.

ಏಪ್ರಿಲ್ ೨೧. ಭಾನುವಾರ

ಚರ್ಚಿನಲ್ಲಿ ವರ್ನಾಳ ತಮ್ಮ ಕ್ಲೇಟನ್ ಎರಡು ಬೆಂಚು ಮುಂದೆ ಕೂತಿದ್ದ. ಬಲಗಡೆ ಕೂತವರ ಜೊತೆ ಹಾಡಿನ ಪುಸ್ತಕ ಹಂಚಿಕೊಳ್ಳಬೇಕಾದರೆ ತಲೆ ಪೂರ್ತಿ ತಿರುಗಿಸುತ್ತಾನೆ. ಪಾದ್ರಿ ಹೇಳಿದ್ದೊಂದೂ ಕೇಳಿಸಲಿಲ್ಲ.

ಬರೆದುಬಿಡುತ್ತೇನೆ. ಈ ಪುಸ್ತಕ ಓದುವವರಿಲ್ಲ.

ಐವತ್ತೇಳರಲ್ಲಿ ಅವನಿಗೊಂದು ರೈಫಲ್ ಮಾಡಿಕೊಟ್ಟೆ. ನನ್ನದೇ ತೋಟಾ, ನನ್ನದೇ ಅಚ್ಚು. ಬಡಗಿಯಾದರೂ ಯಂತ್ರದ ಹುಚ್ಚು ಅವನಿಗೆ. ಯಾವುದೋ ಕಾಲೇಜಿನವರ ವೇಗ ಅಳೆಯುವ ಯಂತ್ರ ಕೇಳಿ ತಂದು ತನ್ನ ಹೊಲದಲ್ಲಿ ಹೊಡೆದು ನೋಡಿದ. ನಾಲ್ಕು ಸಾವಿರದ ಐನೂರು. ಹತ್ತು ಸಲ ಹೊಡೆದರೂ ಅಷ್ಟೇ. ಸಭೆಗೆ ಬಂದು ನಿಂತುಕೊಂಡು ಹೇಳಿದ:

"ಭಾವ, ಬೇಜಾರ್ ಮಾಡ್ಕೋಬೇಡ. ಒಂದ್ಸಲ ಆ ಕಂಬ ಅಳೆದ್ಬಿಡಿ ಎಲ್ರೂ ಸೇರಿ."

ಉಮ್‌ಹೋಲ್ಟ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕ್ರೈಡರ್ ನೆಟ್ಟ ಕಂಬ ನಾವ್ ಅಳೀಬೇಕಾ? ಹೋಗಯ್ಯ, ಮೊದ್ಲು ಚರ್ಚಿನ ಗಂಟೆ ತೂಗ್ಕೊಂಡ್ ಬಾ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಕಂಬಕ್ಕೇನಾಗಿಲ್ಲ ಕಣೋ. ನಿಂಗೆ ಮದ್ದು ತುಂಬೋಕೆ ಎದೆ ಇಲ್ಲ ಅಷ್ಟೆ" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ, ಕಿವಿ ಮಾತ್ರ ಕೆಂಪಾಗಿತ್ತು.

ಹೋಗಿ ತುಂಬಿದ. ಐದು ಸಾವಿರ ಬರಲಿ ಅಂತ ದಿನಾ ಒಂದೊಂದು ಚಿಟಿಕೆ ಹೆಚ್ಚಿಗೆ. ಮೂರನೇ ವಾರ ತೋಟಾದ ಬುಡ ಒಡೆದು ಬೆಂಕಿಯೆಲ್ಲ ಹಿಂದಕ್ಕೆ ಬಂತು. ಬಲಗಣ್ಣು ಹೋಯಿತು.

ಅಷ್ಟಕ್ಕೂ ನಾನು ಬಿಡಲಿಲ್ಲ. ಎಚ್ಚರಿಕೆಯಿಲ್ಲದೆ ಮದ್ದು ತುಂಬಿ ಕ್ಲಬ್ಬಿನ ಹೆಸರು ಕೆಡಿಸಿದ ಅಂತ ಅವನನ್ನು ತೆಗೆದುಹಾಕುವ ಸೂಚನೆ ತಂದವನು ನಾನೇ. ಅವನಿನ್ನೂ ಆಸ್ಪತ್ರೆಯಲ್ಲಿದ್ದ.

ಏಪ್ರಿಲ್ ೨೭

ಕಂಬ ನೆಟ್ಟೆ. ಕಾಂಕ್ರೀಟ್ ಕಲಸಿಕೊಡಲು ಉಮ್‌ಹೋಲ್ಟ್ಸ್ ಬಂದಿದ್ದ.

"ಹಳೇ ಗುಂಡೀಲೇ ತಾನೆ?"

"ಹಳೇ ಗುಂಡೀಲೇ."

ಸುರಿದ. ಒಂಬತ್ತು ಅಡಿ. ಈ ಸಲ ಕೈತಪ್ಪಲ್ಲ. ಕೈತಪ್ಪು ಅಂತ ಬರೆದುಕೊಳ್ಳಲೂ ಆಗುವುದಿಲ್ಲ. ಹನ್ನೊಂದೂ ಜನರ ರೈಫಲ್ಲುಗಳ ವೇಗ ಕ್ಲಬ್ಬಿನ ಗೋಡೆಯ ಮೇಲಿದೆ, ಎಲ್ಲವೂ ಇದೇ ಕಂಬದ್ದು. ಹೇಳಿದರೆ ಎಲ್ಲರದೂ ಹೋಗುತ್ತದೆ, ಅವರಿಗೋಸ್ಕರ ಸುಮ್ಮನಿದ್ದೇನೆ ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಮನೆ ಮುಟ್ಟುವಷ್ಟರಲ್ಲಿ ನನಗೇ ನಗು ಬಂತು.

ಮೇ ೧೮

ರೈತ ಜರ್ಬಿಯ ಹುಲ್ಲುಗಾವಲು. ಕ್ಲೋವರ್ ಮೇವು ಮೊಣಕಾಲಿಗೆ ಬಂದಿದೆ. ಬೆಕ್ಕಿನ ಗಾತ್ರದ ಹೆಗ್ಗಣದಂಥ ಚಕ್‌ಗಳು ಬಿಲ ತೋಡಿ ಗುಡ್ಡೆ ಹಾಕಿವೆ. ಮೊನ್ನೆ ಒಂದು ಹಸು ಬಿಲದಲ್ಲಿ ಕಾಲಿಟ್ಟು ಮುರಿದುಕೊಂಡಿತಂತೆ. ಜರ್ಬಿ ನಮ್ಮನ್ನು ಮಾತ್ರ ಒಳಗೆ ಬಿಡುತ್ತಾನೆ. ನಮ್ಮ ಗುಂಡು ನೆಲಕ್ಕೆ ತಾಗಿದರೆ ಅಲ್ಲೇ ಪುಡಿಯಾಗುತ್ತದೆ, ಪುಟಿದು ದನಕ್ಕೆ ಬಡಿಯುವುದಿಲ್ಲ.

ನಾನೂರು ಗಜದಲ್ಲಿ ಒಂದು ಗಂಡು ಚಕ್ ಎದ್ದು ಕೂತಿತ್ತು. ಹೊಡೆದೆ. ಗುಂಡು ಅದರ ಹೊಟ್ಟೆಯ ಕೆಳಗೆ ಮಣ್ಣೆಬ್ಬಿಸಿತು. ಯಾವಾಗಲೂ ಅಷ್ಟೇ. ಐದು ಸಾವಿರ ಅಡಿ ಓಡುವ ಗುಂಡು ಇಷ್ಟು ಕೆಳಗಿಳಿಯಬಾರದು. ಎಂಟು ವರ್ಷದಿಂದ ಗಾಳಿಯನ್ನು ಬೈದಿದ್ದೇನೆ, ರೈಫಲ್ಲಿನ ದುರ್ಬೀನನ್ನು ಬೈದಿದ್ದೇನೆ, ಒಮ್ಮೆ ವರ್ನಾ ಮಾಡಿದ ಕಾಫಿಯನ್ನೂ ಬೈದಿದ್ದೇನೆ.

ಜೂನ್ ೮

ಓಹಿಯೋದಿಂದ ಕಾಗದ. ಸ್ಟ್ರಿಕ್ಲರ್ ಅಂತ, ಹಲ್ಲಿನ ಡಾಕ್ಟರು. ಪತ್ರಿಕೆಯಲ್ಲಿದ್ದ ನನ್ನ ನಕ್ಷೆ ನೋಡಿ ರೈಫಲ್ ಮಾಡಿಸಿದ್ದಾರೆ. ನಾಲ್ಕು ಸಾವಿರದ ನಾನೂರ ಎಂಬತ್ತಕ್ಕಿಂತ ಮೇಲೆ ಹೋಗುತ್ತಿಲ್ಲವಂತೆ. "ಮಾನ್ಯ ಕ್ರೈಡರ್ ಅವರೇ, ತಪ್ಪು ನನ್ನದೇ ಇರಬೇಕು. ಮದ್ದು ಇನ್ನೆಷ್ಟು ಏರಿಸಬಹುದು, ದಯವಿಟ್ಟು ತಿಳಿಸಿ." ಅಕ್ಷರ ಮುದ್ದಾಗಿದೆ. ಕೆಳಗೆ, ಮುಂದಿನ ವಾರ ಮಗಳ ಜೊತೆ ರೇಂಜಿಗೆ ಹೋಗುವುದಾಗಿ ಬರೆದಿದ್ದಾರೆ.

ತಪ್ಪು ನನ್ನದೇ ಇರಬೇಕಂತೆ.

ಜೂನ್ ೧೧

ನಾಲ್ಕು ಕಾಗದ ಹರಿದೆ. ಐದನೆಯದನ್ನು ಅಂಚೆಗೆ ಹಾಕಿದೆ. "ಒಂದು ಚಿಟಿಕೆಯೂ ಏರಿಸಬೇಡಿ. ಈಗ ಇರುವುದಕ್ಕಿಂತ ಎರಡು ಇಳಿಸಿ. ನಿಮ್ಮ ಬ್ಯಾರೆಲ್ಲಿಗೆ ಅಷ್ಟೇ ಶಕ್ತಿ."

ನಿಮ್ಮ ಬ್ಯಾರೆಲ್ಲಿಗೆ! ಆ ಎರಡು ಪದ ಬರೆಯದೆ ಇರಲಾಗಲಿಲ್ಲ. ಅವರ ಕಣ್ಣೂ ಉಳಿಯಬೇಕು, ನನ್ನ ಹೆಸರೂ ಉಳಿಯಬೇಕು. ನನ್ನ ಮೇಲೆ ನನಗೇ ಅಸಹ್ಯ.

ಜೂನ್ ೨೩. ಭಾನುವಾರ

ಅತ್ತೆಗೆ ಎಂಬತ್ತು ತುಂಬಿತು. ಊಟ ನಮ್ಮ ಮನೆಯಲ್ಲೇ. ಕೋಳಿ, ಬೀಟ್‌ರೂಟ್ ನೀರಿನಲ್ಲಿ ನೆನೆಸಿದ ಕೆಂಪು ಮೊಟ್ಟೆ, ಕಾಕಂಬಿ ಪೈ. ಕ್ಲೇಟನ್‌ನನ್ನು ಕರೆಯದೆ ವಿಧಿಯಿರಲಿಲ್ಲ. ಆರು ವರ್ಷದ ಮೇಲೆ ಈ ಮನೆಯ ಹೊಸ್ತಿಲು ದಾಟಿದ. ಮೇಜಿನಲ್ಲಿ ಉಪ್ಪು ಕೊಡು ಅನ್ನುವುದರಾಚೆ ಮಾತಿಲ್ಲ.

ಊಟವಾದ ಮೇಲೆ ನನ್ನ ಹಿಂದೆಯೇ ಶೆಡ್ಡಿಗೆ ಬಂದ. ಬಾಗಿಲಲ್ಲಿ ಟೋಪಿ ತಿರುಗಿಸುತ್ತ ನಿಂತ. ಬಂತು, ಕೊನೆಗೂ ಕೇಳುತ್ತಾನೆ ಅಂದುಕೊಂಡೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ದೇವರಾಣೆ ಹೇಳುತ್ತಿದ್ದೆ.

"ಭಾವ, ಒಂದ್ ಮಾತು ಹೊಟ್ಟೇಲಿಟ್ಕೊಂಡು ಸಾಕಾಗಿದೆ."

"ಏನು?"

"ತಪ್ಪು ನಂದೇ. ಆ ಕಾಲೇಜಿನ ಯಂತ್ರ ಸರಿ ಇರ್ಲಿಲ್ಲ ಅಂತ ಕಾಣತ್ತೆ. ಇಲ್ಲಾ ನಾನೇ ಏನೋ ತಪ್ಪು ಮಾಡ್ದೆ. ಎಷ್ಟು ಯೋಚ್ನೆ ಮಾಡಿದ್ರೂ ಸುತ್ತಿ ಬಳಸಿ ಅಲ್ಲಿಗೇ ಬರ್ತೀನಿ. ನೀನು ಅಳತೇಲಿ ತಪ್ಪೋನಲ್ಲ. ಅದು ಗೊತ್ತಿದ್ದೂ ಎಲ್ರ ಎದುರಿಗೆ ನಿನ್ನ ಮಾನ ತೆಗ್ದೆ."

ಕೈಯಲ್ಲಿದ್ದ ಅಚ್ಚನ್ನು ಒರೆಸುತ್ತಲೇ ಇದ್ದೆ. ಒರೆಸುವುದಕ್ಕೆ ಏನೂ ಇರಲಿಲ್ಲ.

"ಕ್ಷಮ್ಸಿಬಿಡು ಭಾವ. ಮತ್ತೆ... ಕ್ಲಬ್ಬಿಗೆ ವಾಪಸ್ ಸೇರಿಸ್ಕೊಳ್ತಾರಾ ಕೇಳು. ಎಡಗಣ್ಣಲ್ಲಿ ಗುರಿ ಹಿಡಿಯೋದು ಕಲ್ತಿದೀನಿ. ನಾನು ಹೊಡೀತೀನಿ ಅಂದ್ರೆ ಈಗ ಚಕ್‌ಗಳು ಓಡೋದೇ ಇಲ್ಲ, ಮಕ್ಕಳು ಮರೀನೆಲ್ಲ ಕರ್ಕೊಂಡ್ ಬಂದು ನೋಡ್ತಾ ಕೂರ್ತವೆ." ತನ್ನ ಮಾತಿಗೆ ತಾನೇ ನಕ್ಕ.

ಕೈ ಚಾಚಿದ. ಹಿಡಿದೆ.

"ಆಗಿದ್ದಾಯ್ತು ಬಿಡು" ಅಂದೆ. ನಾನು ಅವನನ್ನು ಕ್ಷಮಿಸಿದೆ! ಅವನ ಕಣ್ಣಲ್ಲಿ, ಇರುವ ಒಂದರಲ್ಲಿ, ನೀರು ಬಂತು.

ಪಾತ್ರೆ ತೊಳೆಯುತ್ತಿದ್ದ ವರ್ನಾ ಕೇಳಿದಳು, "ಏನಂದ?"

"ಕ್ಷಮೆ ಕೇಳ್ದ."

"ಅವ್ನಾ? ನಿನ್ನನ್ನಾ?"

"ಹೂಂ."

ಬಟ್ಟೆ ಹಿಂಡಿ ಹಿಂಡಿ ನೀರೇ ಇಲ್ಲದಂತೆ ಮಾಡಿದಳು. "ಒಳ್ಳೇದಾಯ್ತು. ದೊಡ್ಡ ಮನಸ್ಸು ಮಾಡ್ದೆ ನೀನು" ಅಂದಳು. ಕುಟುಕಿದಳೋ, ನಿಜವಾಗಿ ಅಂದಳೋ. ನಲವತ್ತು ವರ್ಷ ಸಂಸಾರ ಮಾಡಿದರೂ ತಿಳಿಯಲಿಲ್ಲ.

ಜುಲೈ ೨

ಸಭೆ. ಕ್ಲೇಟನ್‌ನನ್ನು ವಾಪಸ್ ಸೇರಿಸಿಕೊಳ್ಳಲು ನಾನೇ ಸೂಚಿಸಿದೆ. ಎಲ್ಲರೂ ಕೈ ಎತ್ತಿದರು. "ಕ್ರೈಡರ್ ಮನಸ್ಸು ದೊಡ್ಡದು" ಅಂತ ಉಮ್‌ಹೋಲ್ಟ್ಸ್ ಬೆನ್ನು ತಟ್ಟಿದ. ಇದು ಎರಡನೇ ಸಲ. ಇನ್ನೊಬ್ಬರು ಅಂದರೆ ವಾಂತಿ ಮಾಡಿಕೊಳ್ಳುತ್ತೇನೆ.

ಓಹಿಯೋದಿಂದ ಉತ್ತರ ಬಂದಿಲ್ಲ. ದಿನಾ ಪೋಸ್ಟ್ ಡಬ್ಬಿ ನೋಡುತ್ತೇನೆ.

ಜುಲೈ ೧೦

ಸ್ಟ್ರಿಕ್ಲರ್ ಕಾಗದ. ಮದ್ದು ಇಳಿಸಿದರಂತೆ. ಮಗಳು ಮುನ್ನೂರು ಗಜದಲ್ಲಿ ಎರಡು ಚಕ್ ಹೊಡೆದಳಂತೆ. "ನಿಮ್ಮಂಥ ಪ್ರಾಮಾಣಿಕರು ಸಿಗುವುದು ಅಪರೂಪ."

ಒಲೆಗೆ ಹಾಕಿದೆ.

ನಿರ್ಧಾರ ಮಾಡಿದ್ದೇನೆ. ಶನಿವಾರ ಕ್ಲೇಟನ್, ವಾಪಸ್ ಸೇರಿದ ಮೇಲೆ ಮೊದಲ ಸಲ, ರೇಂಜಿಗೆ ಬರುತ್ತಾನೆ. ಉಳಿದವರು ನಾಲ್ಕಕ್ಕೆ ಬರುವುದು. ಅವನೊಬ್ಬನೇ ಇರುವಾಗ ಹೇಳುತ್ತೇನೆ. ಹೊಡೆದರೆ ಹೊಡೆಯಲಿ.

ಜುಲೈ ೧೩. ಶನಿವಾರ, ಮಧ್ಯಾಹ್ನ ಮೂರು

ರೇಂಜಿನ ಶೆಡ್ಡು. ಸೆಖೆ. ಎರಡೂಕಾಲಿನಿಂದ ಕಾಯುತ್ತಿದ್ದೇನೆ. ಏನು ಹೇಳಬೇಕೆಂದು ಬರೆದುಕೊಳ್ಳೋಣ ಅಂತ ಪುಸ್ತಕ ತೆಗೆದೆ. "ಕ್ಲೇಟನ್, ಏಪ್ರಿಲ್‌ನಲ್ಲಿ ನನಗೆ ಒಂದು ವಿಷಯ" — ಇಲ್ಲ. "ಕ್ಲೇಟನ್, ಕೂತ್ಕೋ."

ಟ್ರಕ್ಕು ಬಂತು. ಹಿಂದೆ ಉದ್ದದ ಓಕ್ ಮರದ ಹಲಗೆ, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದಾನೆ.

ಕಿಟಕಿಯಿಂದಲೇ ಕೂಗಿದ. "ಬಂದ್ಯಾ ಭಾವ! ತಂತಿ ಬಿಗೀವಾಗ ಕಂಬ ಅಲ್ಲಾಡ್ತಾವಂತಲ್ಲ, ಎರಡಕ್ಕೂ ಅಡ್ಡ ಒಂದ್ ಹಲಗೆ ಬಿಗಿ ಅಂದ ಉಮ್‌ಹೋಲ್ಟ್ಸ್. ಮನೇಲೇ ಕೊಯ್ದು ಬೋಲ್ಟಿನ ತೂತು ಹಾಕ್ಕೊಂಡೇ ಬಂದೆ. ತೂತಿಂದ ತೂತಿಗೆ ಸರಿಯಾಗಿ ಹತ್ತಡಿ. ನೀನೇ ಅಳ್ದು ನೋಡು, ತಪ್ಪಿದ್ರೆ ಕಿವಿ ಹಿಂಡು."

"ನಿಲ್ಲು, ಕ್ಲೇಟನ್" ಅಂದೆ. ಕೇಳಿಸಲಿಲ್ಲ. ಅಥವಾ ನಾನು ಜೋರಾಗಿ ಅನ್ನಲಿಲ್ಲ. ಅನ್ನಲಿಲ್ಲ, ನಿಜ.

ಹಲಗೆ ಹೊತ್ತುಕೊಂಡು ಹೋದ. ಸಿಳ್ಳೆ ಹಾಕುತ್ತಿದ್ದಾನೆ. ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಏಳಬೇಕು. ಈ ಸಾಲು ಮುಗಿಸಿ ಏಳುತ್ತೇನೆ.

ಮೊದಲ ಕಂಬಕ್ಕೆ ಬೋಲ್ಟ್ ಕೂರಿಸಿದ. ಇನ್ನೊಂದು ತುದಿ ಎತ್ತಿಕೊಂಡು ಎರಡನೆಯದರ ಹತ್ತಿರ ಹೋದ. ಹಲಗೆ ಕಂಬವನ್ನು ದಾಟಿ ಮುಂದೆ ಚಾಚಿಕೊಂಡಿತು. ಸಿಳ್ಳೆ ನಿಂತಿತು. ತಲೆ ಕೆರೆದುಕೊಂಡ. ತನ್ನ ಹಲಗೆಯನ್ನೇ ಅಳೆದ — ಪಾಪ, ಮೊದಲು ತನ್ನದನ್ನೇ. ಆಮೇಲೆ ಟೇಪಿನ ಕೊಕ್ಕೆಯನ್ನು ಮೊದಲ ಕಂಬಕ್ಕೆ ಸಿಕ್ಕಿಸಿ ಎಳೆದುಕೊಂಡು ನಡೆದ.

ಎರಡು ಸಲ ಅಳೆದ.

ಈಗ ಮಂಡಿಯೂರಿ ಕೂತಿದ್ದಾನೆ. ಕಾಂಕ್ರೀಟಿನ ಮೇಲಿನ ಧೂಳು ಒರೆಸುತ್ತಿದ್ದಾನೆ. ಹಸಿಯಿದ್ದಾಗ ಮೊಳೆಯಲ್ಲಿ ನನ್ನ ಹೆಸರು, ತಾರೀಖು ಗೀಚಿದ್ದೆ. ಏಪ್ರಿಲ್ ೨೭, ೧೯೬೩. ಅವನು ನನ್ನಲ್ಲಿ ಕ್ಷಮೆ ಕೇಳುವುದಕ್ಕೆ ಸುಮಾರು ಎರಡು ತಿಂಗಳು ಮೊದಲು.

ಎದ್ದ. ಹಲಗೆ ಅಲ್ಲೇ ಬಿಟ್ಟ. ಈ ಕಡೆಗೇ ಬರುತ್ತಿದ್ದಾನೆ, ನಿಧಾನಕ್ಕೆ. ಇನ್ನು ನಾನು ಏನು ಹೇಳಿದರೂ ಅದು ಹೇಳಿದ್ದಾಗುವುದಿಲ್ಲ, ಸಿಕ್ಕಿಬಿದ್ದದ್ದಾಗುತ್ತದೆ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಬಾಗಿಲು ತಟ್ಟುತ್ತಿದ್ದಾನೆ. ತೆರೆದೇ ಇದೆ, ಆದರೂ ತಟ್ಟು—