ಶೋಶಾಮ್ಮನ ಮೊಣಕಾಲು

ತಿರುವಲ್ಲಾ, ಭಾನುವಾರ

ಶೋಶಾಮ್ಮ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ, ಅದಕ್ಕೇ ಬರೆಯುವ ಧೈರ್ಯ.

ಇವತ್ತು ಆರಾಧನೆಯ ನಂತರ ಹೊಸ ಪಾದ್ರಿಗಳು ಎಲ್ಲರಿಗೂ ಕಾಗದ ಹಂಚಿದರು. "ಜಾಣ ವ್ಯಾಪಾರಿ ಬಿಟ್ಟುಹೋದ ಗಿರಾಕಿನ ಮೊದಲು ಹುಡುಕ್ತಾನೆ. ಯಾರು ಬರೋದು ನಿಲ್ಲಿಸಿದ್ರು, ಯಾಕೆ, ಬರೀರಿ."

"ಅಚ್ಚೋ, ಇದೇನು ಚರ್ಚೋ ಜವಳಿ ಅಂಗಡಿಯೋ?" ಎಂದು ಕುರಿಯಾಕೋಸ್ ಚೇಟ್ಟ ಪಾದ್ರಿಗಳನ್ನು ರೇಗಿಸಿದ.

ನಾನು ನಿನ್ನ ಹೆಸರು ಬರೆದೆ. ಪ್ರತಿ ಭಾನುವಾರ ನಾವಿಬ್ಬರೂ ವೇದಿಕೆಯ ಮೇಲೆ ಹಾಡಲು ನಿಲ್ಲುವ ಮುಂಚೆ ನೀನು ಏಲಕ್ಕಿಯನ್ನು ಹಲ್ಲಿನಿಂದ ಸೀಳಿ ಅರ್ಧ ನನಗೆ ಕೊಡುತ್ತಿದ್ದದ್ದು ನೆನಪಾಯಿತು. ನೀನು ಕೊನೆಯ ಸಲ ಬಂದ ಆ ಈಸ್ಟರಿನಲ್ಲಿ ಎಲ್ಲರೆದುರು, "ನಿನ್ನ ದನಿ ಒಡಕಾಗಿದೆ, ಕೆಳಗೆ ಹೋಗಿ ಕೂತ್ಕೋ" ಎಂದು ನಾನಂದದ್ದೂ.

ಕಾರಣ: ಮೊಣಕಾಲು ನೋವು, ಎಂದು ಬರೆದೆ.

ಪಾದ್ರಿಗಳ ಮುಖ ಅರಳಿತು. "ಅಷ್ಟೇನಾ ಅಮ್ಮಚ್ಚಿ? ಮೆಟ್ಟಿಲಿಗೆ ಕಂಬಿ ಹಾಕ್ಸೋಣ!"

ನಾಳೆ ಕೆಲಸದವರು ಬರುತ್ತಾರೆ. ಕಂಬಿ ನಿನ್ನ ಕೈಗೆಟುಕಲು ಎಷ್ಟು ಎತ್ತರವಿರಬೇಕೆಂದು ನನ್ನನ್ನೇ ಕೇಳಿದ್ದಾರೆ.