ಅಮ್ಮನ ಕೋಲಿನ ಎತ್ತರ

ಕಾರ್ತಿಕ 3, ಬೆಳಿಗ್ಗೆ 5.40

ಚಹಾ ಕುದಿಯುತ್ತಿದೆ. ಗ್ರೂಪ್‌ನವರು ಇನ್ನೂ ಎದ್ದಿಲ್ಲ. ಏಳು ಜನ. ನಿನ್ನೆಯೇ ಹೇಳಿದ್ದೆ — ಐದಕ್ಕೆ ಎದ್ದರೆ ಅನ್ನಪೂರ್ಣ ಶಿಖರ ಕಾಣುತ್ತದೆ, ಏಳಕ್ಕೆ ಎದ್ದರೆ ಮೋಡ ಕಾಣುತ್ತದೆ. ಎಲ್ಲರೂ ತಲೆಯಾಡಿಸಿದ್ದರು. ಈಗ ಗೊರಕೆ.

'ಸುಲಭದ ಟ್ರೆಕ್. ನಾಲ್ಕೇ ದಿನ. ಮೊದಲ ಸಲ ಬರುವವರಿಗೂ ಸೈ. ಹಿಮಶಿಖರಗಳ ನೋಟ, ಗುರುಂಗ್ ಹಳ್ಳಿಯ ಸಂಸ್ಕೃತಿ.' ಪೋಖರಾದ ಕಂಪನಿಯವರು ಹೀಗೆ ಅಚ್ಚು ಹಾಕಿಸಿದ್ದಾರೆ. ಸುಲಭ ಹೌದು. ಹೊರೆ ಬೇರೆಯವರ ಬೆನ್ನ ಮೇಲಿದ್ದರೆ ಯಾವ ಬೆಟ್ಟವೂ ಸುಲಭ. ಹದಿನಾಲ್ಕು ವರ್ಷದಿಂದ ಗೈಡ್ ಆಗಿ ನಾನೂ ಇದನ್ನೇ ಹೇಳಿಕೊಂಡು ಬರುತ್ತಿದ್ದೇನೆ.

ನಿನ್ನೆಯ ಸಿಟ್ಟು ಇಳಿದಿಲ್ಲ. ಮೆಟ್ಟಿಲು ಹತ್ತಿ ಬರುವಾಗ ಅಣ್ಣ ನರಜಂಗ ದಾರಿಯ ಪಕ್ಕದ ಅಮ್ಮನ ಕಟ್ಟೆಯ ಮೇಲೆ ಅತ್ತಿಂದಿತ್ತ ಹೆಜ್ಜೆ ಹಾಕಿ ಅಗಲ ನೋಡುತ್ತಿದ್ದ. ಬೂಟು ಹಾಕಿಕೊಂಡು. ಏನು ಎಂದು ಕೇಳಿದರೆ, ಸಂಜೆ ಮಾತಾಡೋಣ ಅಂದ. ಸಂಜೆ ಬರಲಿಲ್ಲ.

ಕಾರ್ತಿಕ 3, ಸಂಜೆ

ಮಾತಾಡಿದೆ. ನಾನೇ ಅವನ ಲಾಡ್ಜಿಗೆ ಹೋಗಿ.

ಭಾರತದ ಸೇನೆಯಲ್ಲಿ ಸುಬೇದಾರನಾಗಿ ಪಿಂಚಣಿ ತೆಗೆದುಕೊಂಡು ಬಂದವನು. ಹೋದ ವರ್ಷ ಕಟ್ಟೆಯ ಮೇಲ್ಗಡೆ ಲಾಡ್ಜ್ ಕಟ್ಟಿದ. ಈಗ ಕಟ್ಟೆ ಕಿತ್ತು ಅಲ್ಲಿ ಉಯ್ಯಾಲೆ ಹಾಕುತ್ತಾನಂತೆ. ಜೊತೆಗೆ ಹೃದಯದ ಆಕಾರದ ಕಬ್ಬಿಣದ ಚೌಕಟ್ಟು, ಕೆಂಪು ಬಣ್ಣದ್ದು. ಅದರೊಳಗೆ ನಿಂತರೆ ಹಿಂದೆ ಮಾಛಾಪುಚ್ಛ್ರೆ ಶಿಖರ. ಗ್ರೂಪ್‌ಗಳು ಹತ್ತು ನಿಮಿಷ ಕೂತು ಎದ್ದು ಹೋಗುತ್ತವೆ, ಉಯ್ಯಾಲೆ ಇದ್ದರೆ ಒಂದು ದಿನ ಉಳಿಯುತ್ತವೆ — ಇದು ಅವನ ಲೆಕ್ಕಾಚಾರ.

ಅದು ಅಮ್ಮನ ಹೆಸರಿನ ಕಟ್ಟೆ ಅಂದೆ.

"ಅಮ್ಮನ ಅರ್ಘುಂ ತಿಥಿ ಮೂರು ದಿನ ಕೂತು ಮಾಡಿಲ್ವಾ? ಲಾಮಾ ದಾರಿ ತೋರ್ಸಿ ಕಳ್ಸಿಲ್ವಾ? ಅವಳು ಹಿರಿಯರ ಹತ್ರ ಸೇರಿ ಹನ್ನೊಂದು ವರ್ಷ ಆಯ್ತು ಕಾಂಛಿ. ಕಲ್ಲಲ್ಲಿ ಏನಿದೆ?"

ಕಾಂಛಿ, ಪುಟ್ಟ ತಂಗಿ ಅಂತ ಕರೆದು, ಏನಿದೆ ಅಂತ ಇವನು ಕೇಳುತ್ತಾನೆ.

ಕೆಳಗಿನ ಹೊಳೆಯ ಸೇತುವೆಯಿಂದ ಊರಿಗೆ ಸಾವಿರದ ಮುನ್ನೂರು ಮೆಟ್ಟಿಲು. ಅರ್ಧದಾರಿಯಲ್ಲಿ ಆ ಒಂದೇ ಕಟ್ಟೆ. ಅಮ್ಮ ಬದುಕಿಡೀ ಆ ಮೆಟ್ಟಿಲಲ್ಲಿ ಡೋಕೋ ಬುಟ್ಟಿ ಹೊತ್ತವಳು — ಹಣೆಗೆ ಪಟ್ಟಿ, ಕೈಯಲ್ಲಿ ಅಡ್ಡತಲೆಯ ಗಿಡ್ಡ ಕೋಲು. ನಿಂತಲ್ಲೇ ಆ ಕೋಲನ್ನು ಬುಟ್ಟಿಯ ಅಡಿಗೆ ಕೊಟ್ಟು ಉಸಿರು ತೆಗೆದುಕೊಳ್ಳುತ್ತಿದ್ದಳು. ಹೊರೆ ಹೊರುವವರ ಕೋಲು ಅವರವರ ಎತ್ತರಕ್ಕೇ ಕತ್ತರಿಸಿದ್ದು, ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಅವಳು ತೀರಿಕೊಂಡ ಮೇಲೆ ಅಪ್ಪ ಆ ಕೋಲನ್ನು ನೆಲಕ್ಕೂರಿ, ಅದರ ತಲೆಯ ಮಟ್ಟಕ್ಕೆ ಕಲ್ಲು ಜೋಡಿಸಿ ಕಟ್ಟೆ ಕಟ್ಟಿದ. ಅಮ್ಮ ಕುಳ್ಳಿ, ಕಟ್ಟೆಯೂ ಗಿಡ್ಡ. ಹೊರೆಯವರು ಮಂಡಿ ಬಗ್ಗಿಸಿ ಬುಟ್ಟಿ ಇಳಿಸಬೇಕು. 'ಕುಳ್ಳಿ ಕಟ್ಟೆ' ಅಂತ ಗೇಲಿ ಮಾಡುತ್ತಾರೆ, ಆದರೆ ಇಳಿಸದೆ ಮುಂದೆ ಹೋದವನು ಒಬ್ಬನೂ ಇಲ್ಲ. ಅಪ್ಪನೂ ಹೋಗಿ ಆರು ವರ್ಷವಾಯಿತು.

ಇವನಿಗೆ ಇದು ಯಾವುದೂ ಗೊತ್ತಿಲ್ಲ ಎಂದಲ್ಲ. ಗೊತ್ತಿದ್ದೂ ಕೇಳುತ್ತಾನೆ.

ಕಾರ್ತಿಕ 8

ಗ್ರೂಪ್ ಇಳಿಸಿ ಬಂದೆ. ಕಾಲು ನೋವು. ಒಣಸೊಪ್ಪಿನ ಗುಂದ್ರುಕ್ ಸಾರು, ಅನ್ನ.

ಮರೈಕೆಯ ಮೇಲ್ ಬಂದಿದೆ. ಎರಡು ವರ್ಷದ ಹಿಂದೆ ಬಂದಿದ್ದ ಡಚ್ ಹೆಂಗಸು. ಮಂಡಿ ಊದಿ, ಇಳಿಯಲಾರದೆ ನಮ್ಮ ಅಂಗಳದಲ್ಲಿ ಅಳುತ್ತಾ ಕೂತಿದ್ದಳು. ಬಾಗಿಲ ಹಿಂದಿದ್ದ ಅಮ್ಮನ ಕೋಲು ಕೊಟ್ಟು ಇಳಿಸಿದ್ದೆ. ಕೆಳಗೆ ವಾಪಸು ಕೊಡಲು ಬಂದಾಗ ಇಟ್ಟುಕೊಳ್ಳಿ ಅಂದೆ. ಈಗ ಫೋಟೋ ಕಳಿಸಿದ್ದಾಳೆ — ಬಿಳಿ ಗೋಡೆ, ಅದರ ಮೇಲೆ ಕೋಲು, ಕೆಳಗೆ ಪುಟ್ಟ ದೀಪ. ಮನಸ್ಸು ತುಂಬಿ ಬಂತು. ಎಲ್ಲಿಯದೋ ಹೆಂಗಸಿಗೆ ಇರುವ ಗೌರವ ಹೆತ್ತ ಮಗನಿಗಿಲ್ಲ.

ಕಾರ್ತಿಕ 9, ಬೆಳಿಗ್ಗೆ

ಇನ್ನೊಂದು ಗ್ರೂಪ್. ಹೊರಡುವ ಮೊದಲು ಅಣ್ಣನ ಹತ್ತಿರ ಹೋದೆ. ತಿಹಾರ್ ದೀಪದ ಹಬ್ಬ ಮುಗಿಯುವವರೆಗೆ ಕಟ್ಟೆ ಮುಟ್ಟಬೇಡ, ಹಬ್ಬ ಕಳೆದ ಮೇಲೆ ಊರವರನ್ನು ಕೂರಿಸಿ ಮಾತಾಡೋಣ ಅಂದೆ. ಆಯ್ತು ಅಂದ. ಮುಖ ನೋಡದೆ ಅಂದ. ಅದೊಂದು ಹಿಡಿಸಲಿಲ್ಲ ನನಗೆ.

ಕಾರ್ತಿಕ 14, ಮಧ್ಯಾಹ್ನ 2

ಕಿತ್ತಿದ್ದಾನೆ.

ಬುಡಸಮೇತ. ಕಲ್ಲೆಲ್ಲ ಪಕ್ಕದಲ್ಲಿ ರಾಶಿ. ನೆಲ ಮಟ್ಟ ಮಾಡಿ ನಾಲ್ಕು ಗುಂಡಿ ತೋಡಿದ್ದಾನೆ. ಅಮ್ಮನ ಹೆಸರಿನ ಕಲ್ಲನ್ನು ಲಾಡ್ಜಿನ ಗೋಡೆಗೆ ಒರಗಿಸಿಟ್ಟಿದ್ದಾನೆ, ಜೋಪಾನವಾಗಿ ಇಟ್ಟಿದ್ದೀನಿ ಅಂತ ಬೇರೆ ಹೇಳುತ್ತಾನೆ. ಅದರ ಮೇಲೆ ಯಾರದೋ ಒದ್ದೆ ಟವೆಲ್.

ಗ್ರೂಪ್ ಎದುರೇ ಬೈದೆ. ಬಾಯಿಗೆ ಬಂದದ್ದೆಲ್ಲ. ಹೆತ್ತವಳ ಬೆನ್ನು ಮುರಿದವನು ನೀನು ಅಂದೆ. ಒಬ್ಬ ಫೋನ್ ಎತ್ತಿ ವಿಡಿಯೋ ತೆಗೆಯುತ್ತಿದ್ದ — ಹಳ್ಳಿಯ ಸಂಸ್ಕೃತಿ ಇರಬೇಕು. ಅವನಿಗೂ ಬೈದೆ.

 

ಕಾರ್ತಿಕ 18, ಭಾಯಿಟೀಕಾ

ಅಣ್ಣ ಬಂದ. ಹೊಸ ಟೋಪಿ, ಹೊಸ ಜಾಕೆಟು. ಪ್ರತಿವರ್ಷದ ಹಾಗೆ ಚಾಪೆ ಹಾಸಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತ. ತಂಗಿ ಬಂದು ಎಣ್ಣೆಯ ಗೆರೆ ಎಳೆಯಬೇಕು, ಹೊಸ್ತಿಲಲ್ಲಿ ಅಕ್ರೋಟು ಒಡೆಯಬೇಕು, ಹಣೆಗೆ ಏಳು ಬಣ್ಣ ಇಡಬೇಕು.

ಒಳಗಿಂದ ಬರಲಿಲ್ಲ ನಾನು. ಒಲೆಯ ಮುಂದೆ ಕೂತಿದ್ದೆ. ಅರ್ಧ ಗಂಟೆ ಕಾದ. ಕೆಮ್ಮಿದ. ಎದ್ದು ಹೋದ, ಬರಿಹಣೆಯಲ್ಲಿ.

ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡಿದೆ. ಇಟ್ಟುಕೊಳ್ಳಲಿ. ಅವನಿಗೆಂದು ಪೋಣಿಸಿದ್ದ ಮಖಮಲಿ ಹೂವಿನ ಹಾರವನ್ನು ನಾಯಿಯ ಕೊರಳಿಗೆ ಹಾಕಿದೆ. ತಿಹಾರಿನಲ್ಲಿ ನಾಯಿಗೆ ಹಾರ ಹಾಕುವ ದಿನ ಕಳೆದು ಮೂರು ದಿನವಾಗಿದ್ದರೂ ಅದು ಬಾಲ ಅಲ್ಲಾಡಿಸಿತು. ಅದಕ್ಕಿದೆ ನಿಯತ್ತು.

ಆಮೇಲೆ ಅತ್ತುಬಿಟ್ಟೆ. ಯಾಕೆ ಅಂತ ಬರೆಯುವುದಿಲ್ಲ.

ಕಾರ್ತಿಕ 21, ಸಂಜೆ

ಇವತ್ತು ನಕ್ಕೆ. ಎಷ್ಟೋ ದಿನದ ಮೇಲೆ.

ಉಯ್ಯಾಲೆಯ ಪೈಪು, ಸಿಮೆಂಟು, ಗ್ಯಾಸ್ ಸಿಲಿಂಡರು, ಮೂರು ತುಂಡು ಮಾಡಿದ ಕಬ್ಬಿಣದ ಹೃದಯ — ಎಲ್ಲ ಜೀಪಿನಲ್ಲಿ ಸೇತುವೆವರೆಗೆ ಬಂದಿದೆ. ಆ ಮೆಟ್ಟಿಲಿಗೆ ಹೇಸರಗತ್ತೆ ಹತ್ತುವುದಿಲ್ಲ, ಮನುಷ್ಯರ ಬೆನ್ನೇ ಬೇಕು. ಹೊರೆಯವರಲ್ಲಿ ಹಿರಿಯ ಘರ್ತಿ ಕಾಕಾ. ಅಮ್ಮನ ಜೊತೆ ಹೊತ್ತವನು. ಮೊದಲು 'ಕುಳ್ಳಿ ಕಟ್ಟೆ' ಅಂದವನೂ ಅವನೇ. ಒಂಬತ್ತು ಜನರನ್ನು ಕರೆದುಕೊಂಡು ಬರಿಗೈಯಲ್ಲಿ ಹತ್ತಿ ಬಂದು ಅಣ್ಣನ ಅಂಗಳದಲ್ಲಿ ಕೂತ.

"ಸುಬೇದಾರ್ ಸಾಹೇಬ್ರೆ, ಅರ್ಧದಾರೀಲಿ ಬುಟ್ಟಿ ಇಳ್ಸೋಕೆ ಜಾಗ ಇಲ್ಲ. ನಿಮ್ಮ ಹೃದಯ ಸೇತುವೆ ಹತ್ರ ಬಿದ್ದೈತೆ. ಹೋಗಿ ಎತ್ಕೊಂಬನ್ನಿ."

ಅಣ್ಣ ಮೊದಲು ಗದರಿದ. ಆಮೇಲೆ ಬೇರೆ ಊರಿನವರನ್ನು ತರಿಸುತ್ತೇನೆ ಅಂದ. ತರ್ಸಿ ಸಾಹೇಬ್ರೆ, ಅವ್ರಿಗೂ ಬೆನ್ನು ಇರ್ತದಲ್ಲ ಅಂದ ಕಾಕಾ.

ಕಾರ್ತಿಕ 23

ಬೇರೆ ಊರಿನವರು ಬಂದರು. ಕಾಕಾ ಅವರ ಜೊತೆ ಬೀಡಿ ಸೇದಿದ. ಅವರು ಹೋದರು.

ಲಾಡ್ಜಿನಲ್ಲಿ ಗ್ಯಾಸ್ ಮುಗಿದಿದೆ. ಅತ್ತಿಗೆ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದಾಳೆ, ಪಾಪ, ಅವಳದೇನು ತಪ್ಪು. ಸಂಜೆ ಅಣ್ಣ ಬಂದು ಬಾಗಿಲಾಚೆ ನಿಂತ. ಕಟ್ಟಿಸ್ತೀನಿ ಅಂದ. ಉಯ್ಯಾಲೆ ಲಾಡ್ಜಿನ ಹಿಂದೆ ಹಾಕ್ಕೋತೀನಿ ಅಂದ. ಇದ್ದ ಹಾಗೇ ಕಟ್ಟಬೇಕು, ಒಂದು ಬೆರಳು ಆಚೀಚೆ ಆಗಬಾರದು ಅಂದೆ. ಇದ್ದ ಹಾಗೇ ಅಂದ.

ಗೆದ್ದೆ. ಆದರೆ ಸಿಟ್ಟು ಹೋಗಿಲ್ಲ. ಹೋಗುವುದೂ ಬೇಡ.

ಕಾರ್ತಿಕ 25, ಸಂಜೆ

ಬರೆಯಲೇಬೇಕು.

ಬೆಳಿಗ್ಗೆಯಿಂದ ಎಲ್ಲರೂ ಸೇರಿ ಕಲ್ಲು ಜೋಡಿಸಿದರು. ಅಣ್ಣನೂ, ತೋಳು ಮಡಚಿಕೊಂಡು. ಬುಡದ ಎರಡು ಸಾಲು ಎದ್ದಿತು. ಹೇಗಿದ್ದರೂ ಕಟ್ಟುತ್ತಿದ್ದೇವೆ, ನಮ್ಮ ಎತ್ತರಕ್ಕೆ ಏರಿಸಬಾರದೇ ಅಂತ ಒಬ್ಬ ಹುಡುಗಾಟಕ್ಕೆ ಅಂದ. ಘರ್ತಿ ಕಾಕಾ ಅವನನ್ನು ದುರುಗುಟ್ಟಿ ನೋಡಿ ನನ್ನ ಕಡೆ ತಿರುಗಿದ.

"ಕುಳ್ಳಿ ಕಟ್ಟೆ ಕುಳ್ಳೀನೇ ಇರ್ಲಿ. ಹೋಗು ಮಗ್ಳೆ, ಅಮ್ಮನ ಕೋಲು ತಗೊಂಬಾ. ಅಳತೆ ಇಟ್ಬಿಡ್ತೀನಿ."

ಮನೆ ಕಡೆ ನಾಲ್ಕು ಹೆಜ್ಜೆ ಹಾಕಿದೆ. ನಿಜವಾಗಿ ಹಾಕಿದೆ. ಬಾಗಿಲ ಹಿಂದೆ ಇದೆ, ತರುತ್ತೇನೆ ಎಂದುಕೊಂಡೇ ಹೊರಟೆ. ಐದನೆಯ ಹೆಜ್ಜೆಗೆ ಮರೈಕೆಯ ಬಿಳಿ ಗೋಡೆ ನೆನಪಾಯಿತು.

ಹೇಳಿದೆ. ಕೊಟ್ಟುಬಿಟ್ಟೆ ಅಂದೆ. ಯಾರಿಗೆ ಅಂತಲೂ ಹೇಳಿದೆ.

ಕಾಕಾ ಕಲ್ಲಿನ ಮೇಲೆ ಕೂತುಬಿಟ್ಟ. ಆಮೇಲೆ ತಾನೇ ಎದ್ದು, ಹನ್ನೊಂದು ವರ್ಷ ಬಗ್ಗಿಸಿದ ಮಂಡಿಗೆ ಗೊತ್ತಿರುತ್ತದೆ ಎಂದು ಬುಟ್ಟಿ ಹೊತ್ತು ಬಗ್ಗಿ ತೋರಿಸಿದ. ಇನ್ನೊಬ್ಬ ಬಗ್ಗಿದರೆ ಬೇರೆ ಅಳತೆ. ನಾನು ಸೊಂಟದ ಹತ್ತಿರ ಕೈ ಇಟ್ಟೆ, ಅಣ್ಣ ಇಟ್ಟಿದ್ದು ಅದಕ್ಕಿಂತ ಒಂದು ಗೇಣು ಕೆಳಗೆ. ಫೋನಿನಲ್ಲಿ ಕಟ್ಟೆಯ ಫೋಟೋ ಇನ್ನೂರು ಇವೆ. ಎಲ್ಲದರಲ್ಲೂ ಯಾರೋ ಕೂತು ನಗುತ್ತಿದ್ದಾರೆ, ಇಳಿಬಿಟ್ಟ ಕಾಲುಗಳ ಹಿಂದೆ ಕಲ್ಲೇ ಕಾಣುವುದಿಲ್ಲ.

ಅಣ್ಣ ಕೈಯ ಮಣ್ಣು ಒರೆಸಿಕೊಂಡ. ದನಿ ಎತ್ತಲಿಲ್ಲ.

"ನಾನು ಕಲ್ಲು ಕಿತ್ತೆ, ಊರೆಲ್ಲ ಕೇಳೋ ಹಾಗೆ ನೀನು ಬೈದೆ. ಹಣೆಗೆ ಟೀಕಾ ಕೂಡ ಇಡ್ಲಿಲ್ಲ. ಕೋಲು ಕೊಟ್ಟಿದ್ದನ್ನ ನೀನು ಯಾರಿಗಾದ್ರೂ ಹೇಳಿದ್ಯಾ ಕಾಂಛಿ?"

ಹೇಳಿರಲಿಲ್ಲ. ಹೇಳುವಂಥದ್ದು ಅಂತ ಅನಿಸಿಯೇ ಇರಲಿಲ್ಲ. ಅದು ಇನ್ನೂ ಕೆಟ್ಟದ್ದು.

ಅವನ ಮೇಲಿನ ಸಿಟ್ಟು ಹಾಗೇ ಇದೆ, ಒಂದು ಚೂರೂ ಕಡಿಮೆಯಾಗಿಲ್ಲ. ಅದರ ಮೇಲೆ ಇದೊಂದು. ಇದನ್ನು ಯಾರ ಅಂಗಳಕ್ಕೆ ಹೋಗಿ ಕೂಗಲಿ?

ಕಾರ್ತಿಕ 26, ಬೆಳಿಗ್ಗೆ 6

ಗ್ರೂಪ್ ಒಂಬತ್ತಕ್ಕೆ ಹೊರಡಬೇಕು. ಎರಡು ಸಾಲಿಗೆ ಕೆಲಸ ನಿಂತಿದೆ. ಅಳತೆ ಬರುವವರೆಗೆ ಒಂದು ಕಲ್ಲೂ ಇಡುವುದಿಲ್ಲ ಎಂದಿದ್ದಾನೆ ಕಾಕಾ. ಅಣ್ಣ ಬೆಳಿಗ್ಗೆಯೇ ಬಂದು ಅಂಗಳದಲ್ಲಿ ಕೂತಿದ್ದಾನೆ. ಬರೆದೆಯಾ ಎಂದು ಎರಡು ಸಲ ಕೇಳಿದ. ಚಹಾ ಕೊಟ್ಟಿಲ್ಲ.

ಮೇಲ್ ಕಳಿಸುವ ಮೊದಲು ಇಲ್ಲಿ ಬರೆದು ನೋಡಿಕೊಳ್ಳುತ್ತೇನೆ. ಆಮೇಲೆ ಇಂಗ್ಲಿಷ್ ಮಾಡುತ್ತೇನೆ.

ಮರೈಕೆ, ನಮಸ್ತೆ. ನಿಮ್ಮ ಮಂಡಿ ಹೇಗಿದೆ? ಒಂದು ಉಪಕಾರ ಮಾಡಿ. ಗೋಡೆಯ ಮೇಲಿನ ಕೋಲನ್ನು ಕೆಳಗಿಳಿಸಿ, ನೆಲಕ್ಕೆ ನೇರ ಊರಿ, ಟೇಪು ಹಿಡಿದು ಅಡ್ಡತಲೆಯ ಮೇಲ್ಭಾಗದವರೆಗೆ ಅಳೆಯಿರಿ. ಎರಡು ಸಲ ಅಳೆಯಿರಿ. ಆ ಕೋಲನ್ನು ಕೊಡುವ ಹಕ್ಕು ನನಗಿರಲಿಲ್ಲ. ಅದು ನನ್ನ ಅಮ್ಮನ ಎತ್ತರ.